ಊರೇ ಮನೆ, ಬೀದಿಯೇ ಪಡಸಾಲೆ: ಕಿನೊಸಾಕಿಯಲ್ಲಿ ಅಮ್ಮನ ಜೊತೆ ಎರಡು ರಾತ್ರಿ

(ಪುತ್ತೂರಿನಲ್ಲಿ ಓದುಗರ ಚಿಕ್ಕ ಕೂಟವೊಂದರಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಕೆಲವನ್ನು ಬಿಟ್ಟಿದ್ದೇನೆ, ಅವತ್ತು ಹೊತ್ತು ಸಾಲದೆ ನುಂಗಿಕೊಂಡ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಹಲವರು ಇರ್ದೆಯ ಬೆಂದ್ರ್ ತೀರ್ಥದಲ್ಲಿ ಮಿಂದವರೇ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಸಣ್ಣವಳಿದ್ದಾಗ ಅಜ್ಜಿಯ ಜೊತೆ ಅಲ್ಲಿಗೆ ಹೋದಾಗ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ಒಲೆಯಿಲ್ಲ, ಹಂಡೆಯಿಲ್ಲ, ಸೌದೆಯಿಲ್ಲ, ನೀರು ಕಾಯಿಸುವವರು ಯಾರು? ಅಜ್ಜಿ "ಭೂಮಿತಾಯಿ" ಅಂದರು. ನನಗೆ ಆ ಉತ್ತರ ಸಾಕಾಗಿತ್ತು. ಎರಡನೆಯ ಪ್ರಶ್ನೆ ಹುಟ್ಟಲು ಜಪಾನಿಗೆ ಹೋಗಬೇಕಾಯಿತು. ತಾನಾಗಿ ಉಕ್ಕಿ ಬಂದ ಆ ಬಿಸಿನೀರು ಯಾರದ್ದು? ಯಾರ ಜಾಗದಲ್ಲಿ ಚಿಮ್ಮಿತೋ ಅವರದ್ದೋ, ಊರಿನದ್ದೋ? ಇವತ್ತು ನಾನು ಹೇಳುವುದೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಊರಿನ ಹೆಸರು ಕಿನೊಸಾಕಿ. ಹ್ಯೋಗೊ ಪ್ರಾಂತ್ಯದ ಉತ್ತರ ತುದಿಯಲ್ಲಿ, ಜಪಾನ್ ಸಮುದ್ರಕ್ಕೆ ಹತ್ತಿರದಲ್ಲಿದೆ. ಈಗ ತೊಯೊಓಕಾ ನಗರಕ್ಕೆ ಸೇರಿದೆ. ಕ್ಯೋಟೋದಿಂದ ಎಕ್ಸ್‌ಪ್ರೆಸ್ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. ನಾನು ಒಸಾಕಾದಲ್ಲಿ ಕೆಲಸಕ್ಕಿದ್ದಾಗ ಅಮ್ಮ ಒಮ್ಮೆ ಬಂದಿದ್ದರು. ನವೆಂಬರಿನ ಚಳಿ ಅವರ ಮಂಡಿಗೆ ಇಳಿದಿತ್ತು. ಬಿಸಿನೀರಿನ ಊರಿಗೆ ಹೋಗೋಣ ಅಂದೆ. ಅಮ್ಮ ಖುಷಿಯಿಂದ ಒಪ್ಪಿದರು. ಅಲ್ಲಿ ಹೆಂಗಸರೆಲ್ಲ ಬಟ್ಟೆಯಿಲ್ಲದೆ ಒಂದೇ ತೊಟ್ಟಿಗೆ ಇಳಿಯುತ್ತಾರೆ ಎಂಬುದನ್ನು ನಾನು ರೈಲು ಹತ್ತಿದ ಮೇಲೆ ಹೇಳಿದೆ. "ಎಂತ ಮಾರಾಯ್ತಿ, ಈ ಪ್ರಾಯದಲ್ಲಿ ನನ್ನಿಂದಾಗುವುದಾ ಅದು?" ಅಂದವರು ಕಿಟಕಿಯ ಕಡೆ ಮುಖ ತಿರುಗಿಸಿ ಕೂತರು. ತೊಯೊಓಕಾ ದಾಟುವ ತನಕ ಮಾತಿಲ್ಲ.

ಜಪಾನಿನಲ್ಲಿ ಬಿಸಿನೀರಿನ ಬುಗ್ಗೆಗೆ ಒನ್‌ಸೆನ್ ಎನ್ನುತ್ತಾರೆ. ಯಾವುದನ್ನು ಹಾಗೆ ಕರೆಯಬಹುದು ಎನ್ನುವುದಕ್ಕೆ 1948ರ ಕಾನೂನೇ ಇದೆ. ನೆಲದಿಂದ ಬರುವಾಗ ನೀರು 25 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಬೆಚ್ಚಗಿರಬೇಕು, ಇಲ್ಲವೆ ಪಟ್ಟಿಯಲ್ಲಿರುವ 19 ದ್ರವ್ಯಗಳಲ್ಲಿ ಒಂದಾದರೂ ಗೊತ್ತುಮಾಡಿದಷ್ಟು ಪ್ರಮಾಣದಲ್ಲಿರಬೇಕು. ಅಂಥ ಬುಗ್ಗೆಗಳ ಪಕ್ಕ ಬೆಳೆದ ಹಳೆಯ ರೀತಿಯ ವಸತಿಗೃಹವೇ ರ್ಯೋಕಾನ್. ಯಾಮಾನಾಶಿ ಪ್ರಾಂತ್ಯದ ನಿಶಿಯಾಮಾ ಒನ್‌ಸೆನ್ ಕೇಯುನ್‌ಕಾನ್ ಎಂಬ ರ್ಯೋಕಾನ್ 705ರಲ್ಲಿ ಶುರುವಾದದ್ದು. ಜಗತ್ತಿನ ಅತಿ ಹಳೆಯ ಹೋಟೆಲ್ ಎಂದು ಗಿನ್ನೆಸ್ ದಾಖಲೆಯಲ್ಲಿದೆ. ಬಾದಾಮಿಯಲ್ಲಿ ಚಾಲುಕ್ಯ ವಿಜಯಾದಿತ್ಯ ಆಳುತ್ತಿದ್ದ ಕಾಲ ಅದು.

ಕಿನೊಸಾಕಿಯ ನೀರಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಎರಡು ಕತೆಗಳಿವೆ. ಕಾಲಿಗೆ ಗಾಯವಾದ ಕೊಕ್ಕರೆಯೊಂದು ದಿನವೂ ಒಂದೇ ಜೌಗಿನಲ್ಲಿ ಕಾಲಿಟ್ಟು ನಿಲ್ಲುತ್ತಿತ್ತು, ವಾಸಿಯಾಗಿ ಹಾರಿಹೋಯಿತು, ಜನ ಹೋಗಿ ನೋಡಿದರೆ ಬಿಸಿನೀರು. ಇದು ಒಂದು ಕತೆ. ಇನ್ನೊಂದು ಕತೆ ದೋಚಿ ಶೋನಿನ್ ಎಂಬ ಬೌದ್ಧ ಭಿಕ್ಷುವಿನದು. 717ರಲ್ಲಿ ಇಲ್ಲಿಗೆ ಬಂದ ಆತ ರೋಗಿಗಳಿಗಾಗಿ ಸಾವಿರ ದಿನ ಪಾರಾಯಣ ಮಾಡಿದ, 720ರಲ್ಲಿ ನೀರು ಉಕ್ಕಿತು ಎನ್ನುತ್ತಾರೆ. ಆ ಜಾಗದ ಸ್ನಾನಗೃಹಕ್ಕೆ ಇವತ್ತಿಗೂ ಮಂದಾರಾಯು ಎಂದೇ ಹೆಸರು. ಮಂದಾರಾ ಅಂದರೆ ನಮ್ಮ ಮಂಡಲ. ಸಂಸ್ಕೃತದ ಪದವೊಂದು ಚೀನಾ ಹಾದು ಅಷ್ಟು ದೂರ ನಡೆದುಹೋಗಿ ಒಂದು ಬಚ್ಚಲುಮನೆಯ ಬಾಗಿಲಲ್ಲಿ ನಿಂತಿದೆ. ಅಮ್ಮನಿಗೆ ಇದನ್ನು ಹೇಳಿದಾಗ ಅವರ ಮುಖ ಸ್ವಲ್ಪ ಸಡಿಲವಾಯಿತು.

ಊರ ಹಿಂದಿನ ಗುಡ್ಡದಲ್ಲಿ ಒನ್‌ಸೆನ್‌ಜಿ ಎಂಬ ದೇವಾಲಯವಿದೆ, 738ರದ್ದು ಎಂದು ಪ್ರತೀತಿ. ಒಳಗಿರುವ ಮೂರ್ತಿ ಹನ್ನೊಂದು ಮುಖದ ಕನ್ನೊನ್, ಅಂದರೆ ಅವಲೋಕಿತೇಶ್ವರ. 33 ವರ್ಷಕ್ಕೊಮ್ಮೆ ಬಾಗಿಲು ತೆರೆದು ದರ್ಶನ ಕೊಡುತ್ತಾರೆ. ಹಿಂದಿನ ಕಾಲದಲ್ಲಿ ಬಂದವರು ನೇರ ನೀರಿಗೆ ಇಳಿಯುತ್ತಿರಲಿಲ್ಲ. ಮೊದಲು ಗುಡ್ಡ ಹತ್ತಿ, ಕೈಮುಗಿದು, ದೇವಾಲಯದಿಂದ ಒಂದು ಸೌಟು ಪಡೆದು, ಅದನ್ನು ಹಿಡಿದು ಸ್ನಾನಕ್ಕೆ ಹೋಗುತ್ತಿದ್ದರು. ಅನುಮತಿ ಕೇಳಿ ನೀರು ಮುಟ್ಟುವುದು! ಬಾವಿಯ ಮೊದಲ ಕೊಡ ಸೇದುವಾಗ ಕೈಮುಗಿಯುವ ನಮ್ಮ ಹಿರಿಯರು ನೆನಪಾದರು.

ಈಗ ರ್ಯೋಕಾನಿಗೆ ಬರೋಣ. ಬಾಗಿಲಲ್ಲೇ ಚಪ್ಪಲಿ ಕಳಚಬೇಕು. ಒಕಾಮಿ, ಅಂದರೆ ಮನೆಯ ಯಜಮಾನಿ, ಮಂಡಿಯೂರಿ ತಲೆಬಾಗಿ ಸ್ವಾಗತಿಸುತ್ತಾರೆ. ನಮ್ಮನ್ನು ನೋಡಿಕೊಳ್ಳಲು ಬಂದ ನಕಾಯಿಸಾನ್‌ಗೆ, ಅಂದರೆ ಕೋಣೆಯ ಪರಿಚಾರಿಕೆಗೆ, ಅಮ್ಮನದೇ ವಯಸ್ಸಿರಬೇಕು. ಕೋಣೆಯಲ್ಲಿ ತತಾಮಿ ಚಾಪೆ, ಗಿಡ್ಡ ಮೇಜು, ಒಂದು ಮೂಲೆಯಲ್ಲಿ ತೊಕೊನೊಮಾ ಎಂಬ ಗೂಡು, ಅದರಲ್ಲಿ ಒಂದು ಬರಹದ ಪಟ, ಒಂದೇ ಒಂದು ಹೂವು. ಮಂಚವಿಲ್ಲ. ನಾವು ಊಟಕ್ಕೆ ಕೂತಾಗ ಯಾರೋ ಬಂದು ಹಾಸಿಗೆ ಬಿಡಿಸಿರುತ್ತಾರೆ, ಬೆಳಿಗ್ಗೆ ಸುತ್ತಿ ಕಪಾಟಿಗೆ ಸೇರಿಸುತ್ತಾರೆ. ಅಮ್ಮ ಚಾಪೆಯ ಅಂಚನ್ನು ಬೆರಳಲ್ಲಿ ಸವರಿ, ಬಗ್ಗಿ ಮೂಸಿ ನೋಡಿದರು. ಒಣಗಿದ ಹುಲ್ಲಿನ ಆ ವಾಸನೆ ಸುಗ್ಗಿ ಮುಗಿದ ಅಂಗಳದ್ದು. "ಬೈಹುಲ್ಲಿನ ಮೇಲೆ ಮಲಗಿದ ಹಾಗೆ" ಅಂದರು. ಮಂಡಿನೋವಿದೆ ಎಂದು ಮೊದಲೇ ತಿಳಿಸಿದ್ದರಿಂದ ಒಂದು ಗಿಡ್ಡ ಕುರ್ಚಿಯನ್ನೂ ಇಟ್ಟಿದ್ದರು. ಹಿರಿಯರನ್ನು ಕರೆದುಕೊಂಡು ಹೋಗುವವರು ಕಾದಿರಿಸುವಾಗಲೇ ಇದನ್ನು ಹೇಳಿ.

ಊಟದ ವಿಷಯವನ್ನೂ ಆಗಲೇ ಹೇಳಬೇಕು. ನಮ್ಮ ಸಸ್ಯಾಹಾರ ಅಲ್ಲಿ ಸುಲಭವಲ್ಲ. ತರಕಾರಿಯನ್ನೇ ಬೇಯಿಸಿದರೂ ಅದರ ಸಾರಿಗೆ ಒಣಮೀನು ಬಿದ್ದಿರುತ್ತದೆ. ನವೆಂಬರಿನಿಂದ ಮಾರ್ಚ್ ತನಕ ಕಿನೊಸಾಕಿಗೆ ಜನ ಬರುವುದೇ ಏಡಿ ತಿನ್ನಲು. ನಾವು ವಾರಕ್ಕೆ ಮುಂಚೆ ಪತ್ರ ಬರೆದಿದ್ದೆವು. ಅವರು ಕೊಂಬು ಎಂಬ ಕಡಲಪಾಚಿ ಮತ್ತು ಒಣ ಶಿಟಾಕೆ ಅಣಬೆಯಲ್ಲಿ ಸಾರು ಇಳಿಸಿದ್ದರು. ತೋಫು, ಸೋಯಾ ಹಾಲಿನ ಕೆನೆಪದರ, ಬೇಯಿಸಿದ ಮೂಲಂಗಿ, ಚೆಸ್ಟ್‌ನಟ್ ಹಾಕಿದ ಅನ್ನ, ಒಂದೊಂದೂ ಬೇರೆ ಬೇರೆ ಬಟ್ಟಲಲ್ಲಿ. ಅಮ್ಮ ಉಪ್ಪಿನಕಾಯಿ ಕೇಳಲಿಲ್ಲ ಎನ್ನುವುದೇ ಆ ಅಡುಗೆಗೆ ಸಿಕ್ಕ ಬಿರುದು.

ಆದರೆ ಕಿನೊಸಾಕಿಯನ್ನು ನಾನು ಇಷ್ಟು ಹಚ್ಚಿಕೊಂಡದ್ದು ಕೋಣೆಗಾಗಲಿ ಊಟಕ್ಕಾಗಲಿ ಅಲ್ಲ. ಬೇರೆ ಎಷ್ಟೋ ಬಿಸಿನೀರಿನ ಊರುಗಳಲ್ಲಿ ರ್ಯೋಕಾನ್ ತನ್ನೊಳಗೇ ದೊಡ್ಡ ಸ್ನಾನಗೃಹ ಕಟ್ಟಿಕೊಂಡಿರುತ್ತದೆ. ಅತಿಥಿ ಹೊರಗೆ ಕಾಲಿಡುವ ಅಗತ್ಯವೇ ಇಲ್ಲ. ಊರಿನ ಅಂಗಡಿ ಬಾಗಿಲು ಹಾಕಿದರೂ ಅವನಿಗೆ ಗೊತ್ತಾಗುವುದಿಲ್ಲ. ಕಿನೊಸಾಕಿಯಲ್ಲಿ ಏಳು ಸಾರ್ವಜನಿಕ ಸ್ನಾನಗೃಹಗಳಿವೆ. ಅವಕ್ಕೆ ಸೊತೊಯು, ಹೊರಗಿನ ಸ್ನಾನ, ಎನ್ನುತ್ತಾರೆ. ಎಪ್ಪತ್ತಕ್ಕೂ ಹೆಚ್ಚು ರ್ಯೋಕಾನುಗಳ ಅತಿಥಿಗಳೆಲ್ಲ ಬೀದಿಗಿಳಿದು ಆ ಏಳಕ್ಕೇ ಹೋಗುತ್ತಾರೆ. ರ್ಯೋಕಾನಿನಲ್ಲಿ ಉಳಿದವರಿಗೆ ಪ್ರವೇಶ ಉಚಿತ. ಊರಿನವರು ಹೀಗೆ ಹೇಳುತ್ತಾರೆ: ರೈಲು ನಿಲ್ದಾಣ ನಮ್ಮ ಹೆಬ್ಬಾಗಿಲು, ಬೀದಿ ನಮ್ಮ ಪಡಸಾಲೆ, ರ್ಯೋಕಾನುಗಳು ಕೋಣೆಗಳು, ಸೊತೊಯು ನಮ್ಮ ಬಚ್ಚಲು, ಇಡೀ ಊರು ಒಂದು ವಸತಿಗೃಹ.

ಕೇಳಲು ಚಂದದ ಮಾತು. ಆದರೆ ಇದಕ್ಕಾಗಿ ಆ ಊರು 23 ವರ್ಷ ಕೋರ್ಟಿನಲ್ಲಿ ಹೋರಾಡಿದೆ.

1925ರ ಮೇ 23ರಂದು ಮಧ್ಯಾಹ್ನದ ಅಡುಗೆಯ ಹೊತ್ತಿಗೆ ಸ್ವಲ್ಪ ಮುಂಚೆ ಅಲ್ಲಿ ಭೂಮಿ ನಡುಗಿತು. 6.8ರ ತೀವ್ರತೆ. ಮರದ ಮನೆಗಳು, ಉರಿಯುವ ಒಲೆಗಳು. ಕಿನೊಸಾಕಿ ಹೆಚ್ಚುಕಡಿಮೆ ಪೂರ್ತಿ ಸುಟ್ಟುಹೋಯಿತು. ಆ ಸೀಮೆಯಲ್ಲಿ ಒಟ್ಟು 400ಕ್ಕೂ ಹೆಚ್ಚು ಜನ ಸತ್ತರು. ಮತ್ತೆ ಕಟ್ಟುವಾಗ ಬೀದಿ ಅಗಲವಾಗಲೆಂದು ಜನ ತಮ್ಮ ತಮ್ಮ ಜಾಗದಲ್ಲಿ ಒಂದೊಂದು ಪಾಲು ಬಿಟ್ಟುಕೊಟ್ಟರು. ಮರದ ಮನೆಗಳನ್ನು ಮರದಲ್ಲೇ ಎಬ್ಬಿಸಿದರು, ನಡುನಡುವೆ ಬೆಂಕಿ ತಡೆಯಲು ಕಾಂಕ್ರೀಟ್ ಕಟ್ಟಡಗಳನ್ನಿಟ್ಟರು. ಊರ ನಡುವೆ ಹರಿಯುವ ಓತಾನಿ ಹೊಳೆಗೆ ಕಲ್ಲಿನ ದಡ ಕಟ್ಟಿದರು. ಇವತ್ತು ಪಟಗಳಲ್ಲಿ ನಾವು ನೋಡುವ ಬಾಗಿದ ಸೇತುವೆಗಳ, ವಿಲೋ ಮರಗಳ ಕಿನೊಸಾಕಿ ಆ ಬೂದಿಯ ಮೇಲೆ ಎದ್ದದ್ದು.

ಹಾಗೆ ಏಳುತ್ತಿರುವಾಗಲೇ, 1927ರಲ್ಲಿ, ರ್ಯೋಕಾನ್ ಒಂದು ತನ್ನೊಳಗೆ ಬಿಸಿನೀರಿನ ಸ್ನಾನಗೃಹ ಮಾಡಿತು. ನಮ್ಮ ಜಾಗ, ನಮ್ಮ ನೀರು ಎನ್ನುವುದು ಅವರ ವಾದ. ಊರಿನವರು ಎದುರು ನಿಂತರು. ನೀರು ಊರಿನದ್ದು, ಒಬ್ಬರು ಒಳಗೆ ಎಳೆದುಕೊಂಡರೆ ನಾಳೆ ಉಳ್ಳವರೆಲ್ಲ ಎಳೆದುಕೊಳ್ಳುತ್ತಾರೆ, ಬೀದಿ ಸಾಯುತ್ತದೆ, ಸಣ್ಣವರು ಮುಳುಗುತ್ತಾರೆ ಎಂದರು. ವ್ಯಾಜ್ಯ ಯುದ್ಧಕಾಲವನ್ನೂ ದಾಟಿ ಎಳೆಯಿತು. 1950ರಲ್ಲಿ ರಾಜಿಯಾಯಿತು. ಬುಗ್ಗೆಗಳ ಹಕ್ಕು ಊರಿನ ಸಾಮೂಹಿಕ ಆಡಳಿತಕ್ಕೆ. ರ್ಯೋಕಾನುಗಳು ಒಳಗೂ ಸ್ನಾನಗೃಹ ಇಟ್ಟುಕೊಳ್ಳಬಹುದು, ಆದರೆ ಚಿಕ್ಕದು, ಅಳತೆಗೆ ಮಿತಿಯುಂಟು. ಮುಂದೆ 1972ರ ಹೊತ್ತಿಗೆ ಬೇರೆ ಬೇರೆ ಬುಗ್ಗೆಗಳ ನೀರನ್ನೆಲ್ಲ ಒಂದೆಡೆ ಸೇರಿಸಿ, ಅಲ್ಲಿಂದ ಕೊಳವೆಗಳಲ್ಲಿ ಎಲ್ಲರಿಗೂ ಹಂಚುವ ಏರ್ಪಾಡು ಬಂತು. ಅಂದರೆ ಅತಿ ದುಬಾರಿ ರ್ಯೋಕಾನಿನ ನೀರೂ ಅಗ್ಗದ ರ್ಯೋಕಾನಿನ ನೀರೂ ಒಂದೇ.

ಈ ಕತೆ ತಿಳಿದ ಮೇಲೆ ಆ ಬೀದಿಯ ಸದ್ದೇ ನನಗೆ ಬೇರೆಯಾಗಿ ಕೇಳಿಸಿತು. ಸಂಜೆಯಾದರೆ ಎಲ್ಲರೂ ಯುಕಾತಾ ಎಂಬ ಹತ್ತಿಯ ನಿಲುವಂಗಿ ತೊಟ್ಟು, ಚಳಿಗೆ ಮೇಲೊಂದು ದಪ್ಪ ಅಂಗಿ ಹಾಕಿ, ಕಾಲಿಗೆ ಗೆತಾ ಮೆಟ್ಟಿ ಹೊರಡುತ್ತಾರೆ. ಗೆತಾ ಎಂದರೆ ಮರದ ಚಪ್ಪಲಿ, ನಮ್ಮ ಮಳೆಗಾಲದ ಮೆಟ್ಟುಹಾವುಗೆಯ ಹತ್ತಿರದ ನೆಂಟ. ಕಲ್ಲುಹಾಸಿನ ಮೇಲೆ ನೂರಾರು ಗೆತಾಗಳ ಕಟಕಟ ಸದ್ದು. ಯುಕಾತಾ ಉಡುವಾಗ ಎಡಗಡೆಯ ಸೆರಗು ಬಲಗಡೆಯ ಮೇಲೆ ಬರಬೇಕು. ತಿರುವುಮುರುವಾಗಿ ಉಡಿಸುವುದು ಹೆಣಕ್ಕೆ ಮಾತ್ರ. ಅಮ್ಮ ಮೊದಲು ತಪ್ಪಾಗಿ ಸುತ್ತಿಕೊಂಡಿದ್ದರು. ನಕಾಯಿಸಾನ್ ಗಾಬರಿಯಾಗಿ ಓಡಿಬಂದು ತನ್ನ ಕೈಯಿಂದಲೇ ಬಿಚ್ಚಿ ಸರಿಮಾಡಿ, ನಡುಪಟ್ಟಿ ಕಟ್ಟಿ, ಹೆಗಲು ತಟ್ಟಿದರು. ಕಾರಣ ತಿಳಿದಾಗ ಅಮ್ಮ ಆಕೆಯ ಕೈ ಹಿಡಿದುಕೊಂಡರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಅಪಶಕುನವನ್ನು ತಪ್ಪಿಸಿದ ಕೈ ಯಾವುದೆಂದು ತಿಳಿಯಲು ಭಾಷೆ ಬೇಕಿರಲಿಲ್ಲ.

ಮೊದಲು ಹೋದದ್ದು ಕೊಕ್ಕರೆಯ ಕತೆಯ ಕೋನೊಯು ಎಂಬ ಸೊತೊಯುಗೆ. ಬಟ್ಟೆ ಕಳಚುವ ಕೋಣೆಯಲ್ಲಿ ಅಮ್ಮ ಬಹಳ ಹೊತ್ತು ಸುಮ್ಮನೆ ಕೂತರು. ನಾನು ಒತ್ತಾಯಿಸಲಿಲ್ಲ. ಅಜ್ಜಿಯರು, ಬಾಣಂತನದ ಗುರುತಿರುವ ಹೊಟ್ಟೆಯವರು, ಎದೆಯ ಶಸ್ತ್ರಚಿಕಿತ್ಸೆಯಾದ ಒಬ್ಬರು, ಶಾಲೆಗೆ ಹೋಗುವ ಹುಡುಗಿಯರು, ಎಲ್ಲರೂ ಬಂದು ಹೋಗುತ್ತಿದ್ದರು. ಯಾರೂ ಯಾರನ್ನೂ ನೋಡುವುದಿಲ್ಲ. ಹಚ್ಚೆಯಿದ್ದವರಿಗೆ ಪ್ರವೇಶವಿಲ್ಲ ಎನ್ನುವ ನಿಯಮ ಜಪಾನಿನ ಎಷ್ಟೋ ಸ್ನಾನಗೃಹಗಳಲ್ಲಿದೆ, ಇಲ್ಲಿನ ಸೊತೊಯುಗಳಲ್ಲಿ ಅದೂ ಇಲ್ಲ. ಕೊನೆಗೆ ಅಮ್ಮ ಎದ್ದು, "ಇವರ ಮೈಯೂ ನನ್ನ ಮೈಯ ಹಾಗೆಯೇ ಉಂಟಲ್ಲ" ಅಂದರು. ಅರುವತ್ತೆಂಟು ವರ್ಷದಲ್ಲಿ ನನ್ನ ಅಮ್ಮ ಬೇರೆ ಹೆಂಗಸರ ಸಾಮಾನ್ಯ ಮೈಗಳನ್ನು ನೋಡಿರಲೇ ಇಲ್ಲ ಎಂದು ನನಗೆ ಆಗ ಹೊಳೆಯಿತು. ಅವರು ಕಂಡದ್ದು ಸೀರೆ ಜಾಹೀರಾತಿನ ಮೈಗಳು. ಅವುಗಳ ಮುಂದೆ ತಮ್ಮದನ್ನು ಇಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದರು.

ಒಳಗೆ ಹೋದ ಮೇಲೆ ನಾನು ಕಲಿಸುವುದಕ್ಕೆ ಏನೂ ಉಳಿಯಲಿಲ್ಲ. ತೊಟ್ಟಿಗೆ ಇಳಿಯುವ ಮುಂಚೆ ಪುಟ್ಟ ಮಣೆಯ ಮೇಲೆ ಕೂತು ಸಾಬೂನು ಹಚ್ಚಿ ಪೂರ್ತಿ ಮಿಂದಿರಬೇಕು, ನೊರೆ ಒಂದು ತೊಟ್ಟೂ ಉಳಿಯಬಾರದು, ಕೂದಲು ಕಟ್ಟಿರಬೇಕು, ಕೈಯ ಚಿಕ್ಕ ಟವೆಲ್ ನೀರಿಗೆ ತಾಗಬಾರದು. ಪುಸ್ತಕಗಳಲ್ಲಿ ಇದನ್ನೆಲ್ಲ ವಿದೇಶೀಯರಿಗೆ ಚಿತ್ರ ಬರೆದು ತಿಳಿಸುತ್ತಾರೆ. ಮಡಿಯಲ್ಲಿ ಬೆಳೆದ, ದೇವಸ್ಥಾನದ ಕೆರೆಗೆ ಇಳಿಯುವ ಮುಂಚೆ ಕಾಲು ತೊಳೆದು ರೂಢಿಯಿದ್ದ ಅಮ್ಮನಿಗೆ ಅದರಲ್ಲಿ ಹೊಸತೇನಿತ್ತು? ಬಕೆಟ್ ಕಂಡ ಕೂಡಲೇ ಕೂತು ಹದವಾಗಿ ಮೈಮೇಲೆ ಹೊಯ್ದುಕೊಳ್ಳತೊಡಗಿದರು. ಆಮೇಲೆ ಹೊರಗಿನ ತೊಟ್ಟಿ. ಕುತ್ತಿಗೆಯ ತನಕ ಬಿಸಿನೀರು, ಮುಖಕ್ಕೆ ಗುಡ್ಡದ ಚಳಿಗಾಳಿ, ಆವಿಯ ಆಚೆ ಕೆಂಪಾದ ಮೇಪಲ್ ಎಲೆಗಳು. ನೀರಿನಲ್ಲಿ ಸೋಡಿಯಂ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಇರುವುದರಿಂದ ತುಟಿಗೆ ತಾಗಿದರೆ ಉಪ್ಪುಪ್ಪು. ಮಿಂದ ಮೇಲೂ ಆ ಉಪ್ಪು ಚರ್ಮದ ಮೇಲೆ ಉಳಿದು ಕಾವನ್ನು ಹಿಡಿದಿಡುತ್ತದೆ. ಅಮ್ಮ ಕಣ್ಣುಮುಚ್ಚಿ "ನೀರು ತುಂಬುವ ಹಬ್ಬದ ಸ್ನಾನ" ಅಂದರು. ದೀಪಾವಳಿ ಮುಗಿದು ಹೆಚ್ಚು ದಿನವಾಗಿರಲಿಲ್ಲ. ಆ ವರ್ಷ ಅವರಿಗೆ ಮನೆಯ ಹಂಡೆಯ ಎಣ್ಣೆಸ್ನಾನ ತಪ್ಪಿತ್ತು.

ಮರುದಿನ ನಾವು ಹುಲ್ಲಿನ ಕೆಲಸ ಕಲಿಯಲು ಹೋದೆವು. ಪ್ರವಾಸಿಗಳಿಗೆ ಒಂದು ಗಂಟೆಯ ಸಂಸ್ಕೃತಿಯನ್ನು ಪೊಟ್ಟಣ ಕಟ್ಟಿ ಮಾರುವುದು ಜಪಾನಿನಲ್ಲೂ ಬೇಕಾದಷ್ಟಿದೆ. ಬಾಡಿಗೆಯ ಕಿಮೊನೊ, ಚಹಾದ ಒಂದು ಬಟ್ಟಲು, ಒಂದು ಫೋಟೊ, ಮುಗಿಯಿತು. ಅದರಿಂದ ನನಗೆ ಯಾವತ್ತೂ ಏನೂ ದಕ್ಕಿಲ್ಲ. ಕಿನೊಸಾಕಿಯ ಮುಗಿವಾರಾ ಜೈಕು ಬೇರೆ ಜಾತಿಯದು, ಏಕೆಂದರೆ ಅದು ಹುಟ್ಟಿದ್ದೇ ರ್ಯೋಕಾನಿನಲ್ಲಿ. ಸುಮಾರು 300 ವರ್ಷಗಳ ಹಿಂದೆ ಇನಾಬಾ ಸೀಮೆಯ ಕುಶಲಕರ್ಮಿಯೊಬ್ಬ ಚಿಕಿತ್ಸೆಗೆಂದು ಇಲ್ಲಿಗೆ ಬಂದನಂತೆ. ಆಗೆಲ್ಲ ಬಿಸಿನೀರಿನ ಚಿಕಿತ್ಸೆ ಎಂದರೆ ವಾರಗಟ್ಟಲೆ ಉಳಿಯುವುದು. ಕೈಯ ಕಾಸು ಸಾಲದಾದಾಗ ಅವನು ಬುಗುರಿಗೆ, ಬಿದಿರಿನ ಕೊಳಲಿಗೆ ಬಣ್ಣದ ಹುಲ್ಲು ಅಂಟಿಸಿ ಮಾರಿ ವಸತಿಯ ಖರ್ಚು ತುಂಬಿದ. ಆ ಕೆಲಸವನ್ನು ಊರು ಕಲಿತುಕೊಂಡಿತು. ಜರ್ಮನ್ ವೈದ್ಯ ಸೀಬೋಲ್ಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಕೊಂಡೊಯ್ದ ಕಿನೊಸಾಕಿಯ ಹುಲ್ಲಿನ ಕೆಲಸ ನೆದರ್‌ಲ್ಯಾಂಡ್ಸಿನ ಲೇಡನ್‌ನಲ್ಲಿದೆ.

ಬಾರ್ಲಿಯ ಹುಲ್ಲನ್ನು ಬಣ್ಣಕ್ಕೆ ಅದ್ದಿ ಒಣಗಿಸಿ, ಟೊಳ್ಳು ಕಡ್ಡಿಯನ್ನು ಉದ್ದಕ್ಕೆ ಸೀಳಿ, ಬಿಡಿಸಿ ಚಪ್ಪಟೆ ಮಾಡಬೇಕು. ಆಗ ಒಳಗಿನಿಂದ ರೇಷ್ಮೆಯಂಥ ಹೊಳಪು ಬರುತ್ತದೆ. ಅದನ್ನು ಕೂದಲೆಳೆಯ ಅಗಲಕ್ಕೆ ಕತ್ತರಿಸಿ ಮರದ ಪೆಟ್ಟಿಗೆಯ ಮೇಲೆ ಅಂಟಿಸುತ್ತಾರೆ. ನಮಗೆ ಕೊಟ್ಟದ್ದು ಸುಲಭದ ಕೆಲಸ, ಒಂದು ಅಂಚೆ ಕಾರ್ಡಿನ ಮೇಲೆ ಚಿತ್ರ. ಕಲಿಸುತ್ತಿದ್ದವರು ಅಮ್ಮನ ಬೆರಳು ನೋಡಿ ನನ್ನನ್ನು ಕೇಳಿದರು, ಇವರು ಊರಲ್ಲಿ ಏನು ಹೆಣೆಯುತ್ತಾರೆ? ಮುಂಡೋಲೆಯ ಚಾಪೆ ಎಂದೆ. ಅವರು ಎದ್ದುಹೋಗಿ ಇನ್ನೂ ಸಪೂರದ ಹುಲ್ಲಿನ ಕಟ್ಟೊಂದನ್ನು ತಂದು ಅಮ್ಮನ ಮುಂದಿಟ್ಟರು. ಮೂರು ಗಂಟೆ ಹೋದದ್ದೇ ತಿಳಿಯಲಿಲ್ಲ. ಚಾಪೆ ಹೆಣೆಯುವವರನ್ನು ನಮ್ಮಲ್ಲಿ ಯಾರೂ ಕುಶಲಕರ್ಮಿ ಎಂದು ಕರೆದಿರಲಿಲ್ಲ. ಅಮ್ಮನನ್ನು ಹಾಗೆ ನಡೆಸಿಕೊಂಡದ್ದು ನಾನು ಅದೇ ಮೊದಲು ನೋಡಿದ್ದು.

ಮಧ್ಯಾಹ್ನ ಪಕ್ಕದ ಗೆನ್‌ಬುದೊ ಗುಹೆಗೆ ಹೋದೆವು. 16 ಲಕ್ಷ ವರ್ಷಗಳ ಹಿಂದಿನ ಲಾವಾ ತಣಿಯುವಾಗ ಆರು ಮೂಲೆಯ ಕಂಬಗಳಾಗಿ ಸೀಳಿದ ಜಾಗ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ಕಂಡವರಿಗೆ ಆ ಕಂಬಗಳ ಪರಿಚಯವಿದೆ. ಬಸಾಲ್ಟ್ ಶಿಲೆಗೆ ಜಪಾನಿ ಹೆಸರು ಬಂದದ್ದೇ ಈ ಗುಹೆಯಿಂದ. 1926ರಲ್ಲಿ ಮಾತುಯಾಮಾ ಮೊತೊನೊರಿ ಎಂಬ ಭೂವಿಜ್ಞಾನಿ ಇಲ್ಲಿನ ಕಲ್ಲಿನಲ್ಲಿ ಕಾಂತದ ದಿಕ್ಕು ತಿರುಗಿರುವುದನ್ನು ಗುರುತಿಸಿದರು. ಭೂಮಿಯ ಉತ್ತರ ದಕ್ಷಿಣಗಳು ಒಂದು ಕಾಲದಲ್ಲಿ ಅದಲುಬದಲಾಗಿದ್ದವು ಎಂಬ ಅರಿವಿಗೆ ಅದು ದೊಡ್ಡ ಆಧಾರವಾಯಿತು. ಭೂಕಂಪದಲ್ಲಿ ಇಲ್ಲಿಂದ ಉರುಳಿದ ಕಂಬಗಳನ್ನೇ ಹೊತ್ತು ತಂದು ಕಿನೊಸಾಕಿಯವರು ಹೊಳೆಯ ದಡ ಕಟ್ಟಿದ್ದು. ಊರನ್ನು ಕೆಡವಿದ ನಡುಕವೇ ಊರಿಗೆ ಕಲ್ಲನ್ನೂ ಒದಗಿಸಿತು.

ಕೊಕ್ಕರೆಯ ವಿಷಯ ಬಾಕಿಯಿತ್ತು. ಕೋನೊತೊರಿ ಎಂಬ ಆ ದೊಡ್ಡ ಬಿಳಿ ಕೊಕ್ಕರೆ ಗದ್ದೆಯ ಕೀಟನಾಶಕಕ್ಕೆ, ಬೇಟೆಗೆ, ಮರ ಕಡಿದದ್ದಕ್ಕೆ ಸಿಕ್ಕಿ ಜಪಾನಿನ ಬಯಲಿನಿಂದ 1971ರಲ್ಲಿ ಅಳಿಯಿತು. ಕೊನೆಯದು ಸತ್ತದ್ದು ಇದೇ ತೊಯೊಓಕಾದಲ್ಲಿ. 1985ರಲ್ಲಿ ಸೋವಿಯತ್ ದೇಶದ ಖಬಾರೊವ್ಸ್ಕ್‌ನಿಂದ ಆರು ಮರಿಗಳು ಬಂದವು, 1989ರಲ್ಲಿ ಮೊಟ್ಟೆಯೊಡೆದು ಮರಿಯಾಯಿತು, 2005ರಲ್ಲಿ ಐದು ಹಕ್ಕಿಗಳನ್ನು ಆಕಾಶಕ್ಕೆ ಬಿಟ್ಟರು. ಅವುಗಳಿಗಾಗಿ ಅಲ್ಲಿನ ರೈತರು ಗದ್ದೆಗೆ ವಿಷ ಹೊಡೆಯುವುದನ್ನು ಬಿಟ್ಟರು ಅಥವಾ ಕಡಿಮೆ ಮಾಡಿದರು, ಚಳಿಗಾಲದಲ್ಲೂ ನೀರು ನಿಲ್ಲಿಸಿ ಕಪ್ಪೆ, ಮೀನು ಬದುಕುವಂತೆ ಮಾಡಿದರು. ರೈಲಿನ ಕಿಟಕಿಯಿಂದ ನಮಗೆ ಎರಡು ಕಂಡವು. ಬಿಸಿನೀರು ತೋರಿಸಿಕೊಟ್ಟ ಹಕ್ಕಿಯನ್ನು ಒಮ್ಮೆ ಕಳೆದುಕೊಂಡು ಮತ್ತೆ ಪಡೆದ ಜನ ಅವರು. ಅದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ನೀವು ಹೋಗುವುದಾದರೆ ಒಂದೇ ರಾತ್ರಿಗೆ ಹೋಗಬೇಡಿ. ಮಧ್ಯಾಹ್ನ ಮೂರಕ್ಕೆ ಹೊಕ್ಕು ಮರುದಿನ ಹತ್ತಕ್ಕೆ ಹೊರಡುವ ಲೆಕ್ಕದಲ್ಲಿ ಏಳು ಸ್ನಾನಗೃಹಗಳನ್ನು ಓಡಿ ಮುಗಿಸುವವರಿದ್ದಾರೆ. ತಲೆ ಸುತ್ತಿ ಬೀಳುತ್ತೀರಿ. ದಿನಕ್ಕೆ ಎರಡೋ ಮೂರೋ ಸಾಕು. ನಡುವೆ ಹೊಳೆಯ ಬದಿಯಲ್ಲಿ ಸುಮ್ಮನೆ ಕೂತಿರಿ, ನೀರು ಕುಡಿಯಿರಿ.

ಕೊನೆಯ ದಿನ ಬೆಳಿಗ್ಗೆ ನನಗೆ ಎಚ್ಚರವಾದಾಗ ಪಕ್ಕದ ಹಾಸಿಗೆ ಖಾಲಿ. ಅಮ್ಮ ಇಲ್ಲ. ಯುಕಾತಾ ಇಲ್ಲ, ಗೆತಾ ಇಲ್ಲ. ಬೀದಿಗೆ ಓಡಿದೆ. ಊರಲ್ಲಿ ನಾಲ್ಕೂವರೆಗೆ ಎದ್ದು ಹಂಡೆಯ ಒಲೆಗೆ ಬೆಂಕಿ ಮಾಡುವ ಹೆಂಗಸು ಅಲ್ಲೂ ಅದೇ ಹೊತ್ತಿಗೆ ಎದ್ದು, ಕತ್ತಲಲ್ಲೇ ನಡೆದು, ಏಳು ಗಂಟೆಗೆ ಬಾಗಿಲು ತೆರೆಯುವ ಕೋನೊಯುವಿನ ಮುಂದೆ ನಿಂತಿದ್ದರು. ಜೊತೆಗೆ ಊರಿನ ಇಬ್ಬರು ಅಜ್ಜಿಯರು. ಅಲ್ಲಿ ಒಂದು ಪದ್ಧತಿಯಿದೆ. ದಿನದ ಮೊದಲ ಗಂಡಸಿಗೂ ಮೊದಲ ಹೆಂಗಸಿಗೂ ಇಚಿಬನ್ ಫುದಾ ಎಂಬ ಪುಟ್ಟ ಫಲಕ ಕೊಡುತ್ತಾರೆ. ಬಾಗಿಲು ತೆರೆದಾಗ ಆ ಅಜ್ಜಿಯರು ಒಂದು ಹೆಜ್ಜೆ ಹಿಂದೆ ಸರಿದು, ಅಮ್ಮನ ಬೆನ್ನಿಗೆ ಕೈಯಿಟ್ಟು ಅವರನ್ನು ಮುಂದೆ ಬಿಟ್ಟರು.

ಆ ಫಲಕ ಈಗ ನಮ್ಮ ಬಚ್ಚಲುಮನೆಯಲ್ಲಿ, ಹಂಡೆಯ ಮೇಲಿನ ಗೋಡೆಯಲ್ಲಿ ತೂಗುತ್ತಿದೆ. ಹೊಗೆಗೆ ಸ್ವಲ್ಪ ಕಪ್ಪಾಗಿದೆ. ತಿಂಗಳಿಗೊಮ್ಮೆ ಅಮ್ಮ ಅದನ್ನು ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಅಲ್ಲೇ ತೂಗುಹಾಕುತ್ತಾರೆ.